ಉಂಡ ಮನೆಯ ಬಾಕಿ

ಗಂಜಿ ಹಾಕಿದ ಹೊಸ ಬಟ್ಟೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಎಪ್ಪತ್ತರ ದಶಕದ ಕುಣಿಗಲ್ಲಿಗೆ ಹೋಗಿಬಿಡುತ್ತೇನೆ. ಮುಂದೆ ಅಪ್ಪನ ಜವಳಿ ಅಂಗಡಿ, ಹಿಂದೆ ನಮ್ಮ ಮನೆ, ನಡುವೆ ಒಂದು ಪರದೆ. ಅಮ್ಮನ ಒಗ್ಗರಣೆಯ ಘಮ ಅಂಗಡಿಗೂ ಬಟ್ಟೆಯ ವಾಸನೆ ನಮ್ಮ ಹಾಸಿಗೆಗೂ ಬರುತ್ತಿತ್ತು. ನಿಮ್ಮ ಊರಿನಲ್ಲೂ ಇಂಥದೊಂದು ಅಂಗಡಿ ಇದ್ದಿರಬೇಕು, ಈಗ ಇರಲಾರದು. ಮದುವೆ ಜವಳಿಗೆ ಅಮೃತೂರು, ಹುಲಿಯೂರುದುರ್ಗದ ಕಡೆಯಿಂದ ಮನೆಮಂದಿಯೆಲ್ಲ ಬಂದು ಕೂರುತ್ತಿದ್ದರು. ಮದುಮಗಳ ಸೀರೆ ಆರಿಸುವಷ್ಟರಲ್ಲಿ ಎರಡು ಸಲ ಕಾಫಿ ಆಗುತ್ತಿತ್ತು, ಹಣ ಮಾತ್ರ ಕೊಬ್ಬರಿ ಮಾರಿದ ಮೇಲೆ. ಕೊಡುವುದರಲ್ಲಿ ಅಪ್ಪನದು ಎತ್ತಿದ ಕೈ. ಕೇಳಲು ನಾಲಿಗೆ ಏಳುತ್ತಿರಲಿಲ್ಲ.

ಕೊಬ್ಬರಿ ಮಾರಾಟವಾದ ಸುದ್ದಿ ಬಂದ ಮೇಲೆ ಅಪ್ಪ ಬಸ್ಸು ಹತ್ತಿ ವಸೂಲಿಗೆ ಹೋಗುತ್ತಿದ್ದರು. ಹೋದ ಮನೆಯಲ್ಲಿ ಕೈಕಾಲಿಗೆ ನೀರು ಕೊಟ್ಟು, ಎಲೆ ಹಾಕಿ, ಮುದ್ದೆ, ಹುರುಳಿಕಾಳಿನ ಸಾರು ಬಡಿಸುತ್ತಿದ್ದರು. ಉಂಡ ಮನೆಯಲ್ಲಿ ಬಾಕಿ ಕೇಳಬಾರದು ಎಂಬುದು ತಾತನ ಕಾಲದಿಂದ ಬಂದ ಕಟ್ಟುಪಾಡು. ಕೇಳಿದರೆ ಅನ್ನದ ಋಣವನ್ನು ಮರೆತ ಹಾಗಂತೆ. ಬಾಕಿಯವರಿಗೂ ಈ ಮರ್ಮ ಗೊತ್ತಾಗಿ, ಅಪ್ಪ ಬೀದಿಯ ಕೊನೆಯಲ್ಲಿ ಕಂಡರೆ ಸಾಕು, ಒಲೆ ಹೊತ್ತಿಸುತ್ತಿದ್ದರು. ಸಂಜೆ ಅಪ್ಪ ತುಂಬಿದ ಹೊಟ್ಟೆ, ಖಾಲಿ ಚೀಲದೊಡನೆ ಬರುತ್ತಿದ್ದರು.

ಒಂದು ವರ್ಷ, ನಮಗೆ ಸರಕು ಕೊಡುತ್ತಿದ್ದ ತುಮಕೂರಿನ ಸಗಟು ವ್ಯಾಪಾರಿ ತಾವೇ ಬಂದರು. "ಯುಗಾದಿ ಒಳಗೆ ಹಳೇದು ಚುಕ್ತಾ ಆಗ್ಲಿಲ್ಲ ಅಂದ್ರೆ ಇರೋ ಸರಕು ಎತ್ಕೊಂಡ್ ಹೋಗ್ಬೇಕಾಗುತ್ತೆ, ತಪ್ಪು ತಿಳ್ಕೋಬೇಡಿ" ಎಂದರು. ಹುಲಿಯೂರುದುರ್ಗದ ಯಜಮಾನರೊಬ್ಬರು ಹೆಣ್ಣುಮಕ್ಕಳ ಮದುವೆಗೆಲ್ಲ ನಮ್ಮಲ್ಲೇ ಸಾಲದ ಮೇಲೆ ಜವಳಿ ತೆಗೆದಿದ್ದರು. ಅವರೊಬ್ಬರು ಕೊಟ್ಟಿದ್ದರೂ ಅಂಗಡಿ ಉಳಿಯುತ್ತಿತ್ತು. ಅಪ್ಪ ಹೊರಟ ಬೆಳಿಗ್ಗೆ ಅಮ್ಮ ಬೇಗನೆ ಅಡುಗೆ ಮಾಡಿ ಬಡಿಸಿದಳು. "ಹೊಟ್ಟೆ ತುಂಬಾ ತಿನ್ಕೊಂಡ್ ಹೋಗಿ. ಅಲ್ಲಿ ಒಂದು ತೊಟ್ಟು ನೀರೂ ಮುಟ್ಬೇಡಿ, ಮೊದ್ಲು ಕೇಳಿ" ಎಂದಳು.

ಅಪ್ಪ ಸಂಜೆ ಬಂದು ಜಗಲಿಯ ಮೇಲೆ ಕುಳಿತರು. "ಹಸು ಕರು ಹಾಕಿತ್ತು ಕಣೇ. ಅವರ ತಾಯಿ ಗಿಣ್ಣು ತಂದು ಕೈಗಿಟ್ರು. ವಯಸ್ಸಾದೋರು, ಬೇಡ ಅನ್ನೋಕಾಗುತ್ತಾ?"

"ತಿಂದ್ರಾ?"

"ಒಂದು ತುಂಡು."

ಅಮ್ಮ ಒಳಗೆ ಹೋದಳು. ಯುಗಾದಿ ಕಳೆದ ಮೇಲೆ ಲಾರಿ ಬಂತು, ಬೀರುಗಳು ಬರಿದಾದವು. ನನ್ನ ಲಂಗಕ್ಕೆಂದು ಅಮ್ಮ ಎತ್ತಿಟ್ಟಿದ್ದ ತುಂಡನ್ನೂ ಅಪ್ಪ ತಂದು ಸರಕಿನ ಮೇಲಿಟ್ಟರು. ನಾವು ತುಮಕೂರಿನ ಉಪ್ಪಾರಹಳ್ಳಿಯ ಬಾಡಿಗೆ ಮನೆಗೆ ಬಂದೆವು. ಅಪ್ಪ ಅದೇ ಊರಿನಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಬಟ್ಟೆ ಅಳೆದರು, ಎಂಬತ್ತರ ದಶಕದ ನಡುವೆ ತೀರಿಕೊಂಡರು.

ತಿಥಿಯ ದಿನ ಹುಲಿಯೂರುದುರ್ಗದ ಆ ಯಜಮಾನರೂ ಬಂದರು. ಚೆನ್ನಾಗಿ ಉಂಡರು. ಕೈ ತೊಳೆದು ಬಂದು ಅಮ್ಮನ ಮುಂದೆ ಕಣ್ಣೊರೆಸಿಕೊಂಡರು. "ನಿಮ್ಮೆಜಮಾನ್ರು ದೇವ್ರಂಥೋರು ಕಣಮ್ಮ. ಒಂದಿನಾನೂ ಬಾಯ್ಬಿಟ್ಟು ಬಾಕಿ ಕೇಳ್ದೋರಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಕಣ್ಣೀರು ನಿಜವಾದದ್ದೇ, ಅದೇ ಇನ್ನೂ ಸಂಕಟ. ಅಮ್ಮನ ಮುಖ ನೋಡಿದೆ. ಈಗಲಾದರೂ ಕೇಳುತ್ತಾಳೆ ಅಂದುಕೊಂಡೆ.

"ಹೌದು, ಕೇಳ್ಲಿಲ್ಲ" ಎಂದಳು ಅಮ್ಮ. ಆಮೇಲೆ ಬಗ್ಗಿ, ಅವರು ಉಂಡ ಎಲೆಯನ್ನು ತಾನೇ ಎತ್ತಿದಳು.