ತೊಂಬತ್ತಾರು ಪೌಂಡು, ಒಂದು ಚೀಲ

ಆರ್ಲೀನ್ ಕೊವಾರಿಕ್ ಕಲ್ಲೆದೆಯವಳು ಎಂದು ನಮ್ಮೂರಲ್ಲಿ ಈಗಲೂ ಆಡಿಕೊಳ್ಳುತ್ತಾರೆ. ಊರ ಬಾಯಿಗೆ ಬೀಗ ಹಾಕುವವರು ಯಾರು? ಒಡಹುಟ್ಟಿದ ತಂಗಿ ಆಸ್ಪತ್ರೆಗೆ ಹೋಗಬೇಕಿದ್ದ ವಿಮಾನವನ್ನೇ ತಪ್ಪಿಸಿದಳು ಎಂಬುದು ಆಕೆಯ ಮೇಲಿನ ಆರೋಪ. ತಪ್ಪಿಸಿದ್ದು ನಿಜ. ಆ ವಿಮಾನ ನನ್ನದು.

ನನ್ನ ಕಸುಬು ದನಗಳಿಗೆ ಸೂಜಿ ಚುಚ್ಚುವುದು, ಹುಚ್ಚು ಅಂದರೆ ವಿಮಾನ ಹಾರಿಸುವುದು. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಪಶ್ಚಿಮದಲ್ಲಿರುವ ನಮ್ಮಂಥ ಊರಿಗೆ ದೊಡ್ಡ ಆಸ್ಪತ್ರೆ ಬೇಕೆಂದರೆ ಒಮಾಹಾಕ್ಕೇ ಹೋಗಬೇಕು. ರಸ್ತೆಯಲ್ಲಾದರೆ ಐದಾರು ಗಂಟೆ. ಅದಕ್ಕೇ ಪುಟ್ಟ ವಿಮಾನ ಇಟ್ಟುಕೊಂಡ ನಾವು ಮೂವರು ಸೇರಿ ರೋಗಿಗಳನ್ನು ಪುಕ್ಕಟೆ ಕರೆದೊಯ್ಯುತ್ತಿದ್ದೆವು. ಫೋನು ಹಿಡಿದು ಎಲ್ಲವನ್ನೂ ಗೊತ್ತುಮಾಡುತ್ತಿದ್ದವಳು ಆರ್ಲೀನ್. ಶಾಲೆಯಲ್ಲಿ ನನಗಿಂತ ಎರಡು ತರಗತಿ ಮುಂದಿದ್ದಳು. ಆಗಲೂ ಯಜಮಾನಿಕೆ ಮಾಡುತ್ತಿದ್ದಳು, ಆಮೇಲೂ ಬಿಡಲಿಲ್ಲ.

ಮೊದಲು ನಾವು ನಾಲ್ವರಿದ್ದೆವು. ನಾಲ್ಕನೆಯವನು ರಾಯ್ ಟೆಸ್ಕೆ. ಒಂದು ಫೆಬ್ರವರಿಯಲ್ಲಿ ಮೋಡ ನೋಡಿ ಹಿಂಜರಿದವನಿಗೆ ಆರ್ಲೀನ್ ಫೋನಿನಲ್ಲಿ, "ಪಾಪ ಕಣೋ, ಮೂರು ಮಕ್ಕಳ ತಾಯಿ, ಕೋಟು ಹಾಕ್ಕೊಂಡು ಕಾಯ್ತಾ ಕೂತಿದಾಳೆ" ಎಂದಿದ್ದಳು. ಅಷ್ಟೇ. ರಾಯ್ ಹೊರಟ. ಆಕೆಯನ್ನು ಕರೆತರಲು ಹೋಗುವ ದಾರಿಯಲ್ಲೇ ರೆಕ್ಕೆಗೆ ಮಂಜುಗಡ್ಡೆ ಕಟ್ಟಿ ಜೋಳದ ಹೊಲಕ್ಕೆ ಬಿದ್ದ. ಒಳ್ಳೆಯ ಮನಸ್ಸಿನಿಂದ ಆಡಿದ ಒಂದು ಮಾತು ಒಬ್ಬ ಮನುಷ್ಯನನ್ನು ತಿಂದುಹಾಕಿತು.

ಆಮೇಲೆ ಆರ್ಲೀನ್ ನಿಯಮ ಮಾಡಿದಳು. ಪೈಲೆಟ್ಟು ಬರುತ್ತೇನೆ ಇಲ್ಲವೇ ಬರುವುದಿಲ್ಲ ಎಂದು ಹೇಳುವವರೆಗೆ ಅವನಿಗೆ ರೋಗಿಯ ಹೆಸರು, ವಯಸ್ಸು, ಕಾಯಿಲೆ ಒಂದೂ ತಿಳಿಯಬಾರದು. ಎಷ್ಟು ಜನ, ಎಷ್ಟು ತೂಕ, ಎಲ್ಲಿಗೆ, ಎಷ್ಟು ಹೊತ್ತಿಗೆ, ಇಷ್ಟೇ. ನಾವು ನಕ್ಕೆವು. "ಏನೇ ಆರ್ಲೀನ್, ಆಲೂಗಡ್ಡೆ ಮೂಟೆ ಕಳಿಸ್ತಿದೀಯಾ?" ಎಂದು ರೇಗಿಸಿದೆ. "ಹೌದು ಗ್ಲೆನ್, ಮೂಟೆ ಅಂತಲೇ ತಿಳ್ಕೊ. ಮೂಟೆಗೋಸ್ಕರ ಯಾರೂ ಸಾಯಲ್ಲ" ಎಂದಳು.

ಹನ್ನೊಂದು ವರ್ಷ ಹೀಗೇ ನಡೆಯಿತು. ಹನ್ನೆರಡನೆಯ ವರ್ಷದ ನವೆಂಬರಿನಲ್ಲಿ ಕಾಯಿಲೆ ಬಿದ್ದಿದ್ದ ಆಕೆಯ ತಂಗಿ ಡೆಲ್ಲಾಗೆ ಒಮಾಹಾದ ಆಸ್ಪತ್ರೆಯಿಂದ ಕರೆ ಬಂತು. ಹೊಸ ಔಷಧಿ ಕೊಟ್ಟು ನೋಡುವವರ ಪಟ್ಟಿಯಲ್ಲಿ ಒಂದು ಜಾಗ ತೆರವಾಗಿದೆ, ನಾಳೆ ಮಧ್ಯಾಹ್ನ ಹನ್ನೆರಡರೊಳಗೆ ಬಂದರೆ ನಿಮಗೆ, ಇಲ್ಲದಿದ್ದರೆ ಮುಂದಿನವರಿಗೆ ಎಂದರು. ಬೆಳಗಾಗುವಷ್ಟರಲ್ಲಿ ತುಂತುರು ಬಿದ್ದಲ್ಲೇ ಹೆಪ್ಪುಗಟ್ಟಿ, ಹೆದ್ದಾರಿಗೆ ಅಡ್ಡ ಗೇಟು ಹಾಕಿ ವಾಹನ ನಿಲ್ಲಿಸಿದ್ದರು. ನಮ್ಮಲ್ಲಿ ಒಬ್ಬ ಟೆಕ್ಸಾಸಿನಲ್ಲಿದ್ದ, ಇನ್ನೊಬ್ಬನ ಎಂಜಿನ್ನು ಬಿಚ್ಚಿಟ್ಟಿತ್ತು. ಉಳಿದವನು ನಾನೊಬ್ಬ.

ಆರು ಗಂಟೆಗೆ ಫೋನು ಬಂತು. "ಒಬ್ಬರು. ತೊಂಬತ್ತಾರು ಪೌಂಡು. ಒಂದು ಚೀಲ. ಒಮಾಹಾ, ಹನ್ನೆರಡರೊಳಗೆ."

ನಾನು ಕೊನೆಯ ಸಲ ಕಂಡಾಗ ಡೆಲ್ಲಾ ನೂರಾ ಅರವತ್ತು ಪೌಂಡಿನ ಗಟ್ಟಿ ಹೆಂಗಸು. ಅವಳು ಅಷ್ಟು ಇಳಿದುಹೋಗಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ಅವಳು ಆಗ ಆರ್ಲೀನಳ ಅಡುಗೆಮನೆಯಲ್ಲೇ, ಮೇಜಿನ ಆಚೆ ಬದಿಗೆ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳಂತೆ.

"ತುಂಬಾ ಅರ್ಜೆಂಟಾ?" ಎಂದೆ.

ಆರ್ಲೀನ್ ಫೋನಿನ ಬಾಯಿಗೆ ಕೈ ಅಡ್ಡ ಇಟ್ಟಿದ್ದಳಂತೆ. ಡೆಲ್ಲಾ, "'ನನ್ನ ತಂಗಿ' ಅಂತ ಒಂದೇ ಒಂದು ಮಾತು ಹೇಳೇ ಅಕ್ಕಾ" ಎಂದು ಅವಳ ತೋಳು ಹಿಡಿದಿದ್ದಳಂತೆ. ಹೇಳಿದರೆ ನಾನು ಸಾಯಬಹುದು, ಹೇಳದಿದ್ದರೆ ಡೆಲ್ಲಾ. ನಾಲ್ಕಡಿ ಅಗಲದ ಮೇಜಿನ ಈಚೆ ಸಿಕ್ಕಿಕೊಂಡ ಆಕೆಗೆ ಎದ್ದು ಓಡಲೂ ದಾರಿಯಿರಲಿಲ್ಲ.

"ಅದು ನಿನಗೆ ಬೇಡದ್ದು. ಆಕಾಶ ಹೇಗಿದೆ ಹೇಳು."

"ಚೆನ್ನಾಗಿಲ್ಲ. ನಾನು ಬರಲ್ಲ ಕಣೇ."

"ಸರಿ" ಎಂದು ಇಟ್ಟುಬಿಟ್ಟಳು. ಸ್ವರ ಒಂದಿಷ್ಟೂ ನಡುಗಲಿಲ್ಲ. ನಾನು ಹೋಗಿ ಮೊಟ್ಟೆ ಹುರಿದುಕೊಂಡು ತಿಂದೆ. ಹನ್ನೊಂದಕ್ಕೆ ಬಿಸಿಲು ಬಂತು, ತೊಳೆದಿಟ್ಟಂಥ ನೀಲಿ ಆಕಾಶ. ಒಮಾಹಾ ಎರಡು ಗಂಟೆಗೂ ಮಿಕ್ಕಿದ ಹಾರಾಟ. ಹೊತ್ತು ಮೀರಿಹೋಗಿತ್ತು.

ಸಂಜೆ ದನದ ಮೇವಿನ ಅಂಗಡಿಯಲ್ಲಿ, ಹೋಗಬೇಕಿದ್ದವಳು ಡೆಲ್ಲಾ ಎಂದು ಗೊತ್ತಾಗಿ ನೇರ ಆಕೆಯ ಮನೆಗೆ ನುಗ್ಗಿದೆ. "ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬರ್ತಿದ್ದೆ."

"ಬರ್ದೆ ಇರ್ತಿದ್ನಾ!"

"ಅದಕ್ಕೇ ಹೇಳ್ಲಿಲ್ಲ" ಎಂದಳು. ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ.

ಆ ಚಳಿಗಾಲವಿಡೀ ಡೆಲ್ಲಾ ಆ ಮನೆಯಲ್ಲೇ ಇದ್ದಳು, ಬೇರೆಲ್ಲಿಗೆ ಹೋದಾಳು? ಅಕ್ಕ ಸೂಪು ಕುಡಿಸಬೇಕು, ಅಕ್ಕ ಮೈ ಒರೆಸಬೇಕು. ಮನೆಗೆ ಯಾರೇ ಬರಲಿ, ಡೆಲ್ಲಾ ನಗುನಗುತ್ತ, "ನಮ್ಮಕ್ಕ ಪೈಲೆಟ್ಟುಗಳನ್ನ ತುಂಬ ಚೆನ್ನಾಗಿ ಕಾಯ್ತಾಳೆ ಗೊತ್ತಾ" ಎನ್ನುತ್ತಿದ್ದಳು. ಬಂದವರು ಕಾಫಿ ಲೋಟ ನೋಡುತ್ತಿದ್ದರು. ಆರ್ಲೀನ್ ದಿಂಬು ಸರಿಮಾಡುತ್ತಿದ್ದಳು. ನಾನೂ ಹೋಗುತ್ತಿದ್ದೆ. ಹೋಗದಿದ್ದರೆ ಹೇಡಿ, ಹೋದರೆ ಆ ಮಾತು ಕೇಳಬೇಕು.

ಮಾರ್ಚಿನಲ್ಲಿ ಡೆಲ್ಲಾ ತೀರಿಕೊಂಡಳು. ಆ ಔಷಧಿ ಕೊಟ್ಟಿದ್ದರೆ ಬದುಕುತ್ತಿದ್ದಳೇ? ಡಾಕ್ಟರನ್ನು ಕೇಳಿದರೆ ಭುಜ ಕುಣಿಸಿದ.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಹ್ಯಾಮು, ಗಸಗಸೆ ತುಂಬಿದ ಕೋಲಾಚಿ ಬನ್ನು, ಎಂದಿನ ಕಾಫಿ. ಜನ ಆರ್ಲೀನಳ ಕೈ ಕುಲುಕಿ ಬೇಗಬೇಗ ಸರಿದುಹೋಗುತ್ತಿದ್ದರು. ನಾನು ಹತ್ತಿರ ಹೋದಾಗ ಆಕೆ ನನ್ನ ತೋಳು ಹಿಡಿದು ಮೂಲೆಗೆ ಎಳೆದಳು.

"ಆವತ್ತು ಬೆಳಿಗ್ಗೆ ಮೇಲೆ ಐಸ್ ಇತ್ತಾ ಗ್ಲೆನ್?"

"ಇತ್ತು" ಎಂದೆ. "ಖಂಡಿತ ಇತ್ತು. ಹೋಗಿದ್ರೆ ಇಬ್ಬರೂ ಬೀಳ್ತಿದ್ವಿ."

ಆಕೆ ನನ್ನ ಮುಖವನ್ನೇ ನೋಡಿದಳು. "ಯಾರು ಹೋಗಿ ನೋಡಿದ್ರು?"

ಯಾರೂ ನೋಡಿರಲಿಲ್ಲ. ಆ ಬೆಳಿಗ್ಗೆ ನಮ್ಮ ಕಡೆ ಯಾರೂ ಹಾರಲೇ ಇಲ್ಲ. ರಾಯ್ ಬಿದ್ದದ್ದಕ್ಕೆ ಮುರಿದ ರೆಕ್ಕೆಯಿತ್ತು, ಗೋರಿಯಿತ್ತು. ಹೋಗಿದ್ದರೆ ನಾನೂ ಬೀಳುತ್ತಿದ್ದೆ ಎನ್ನಲು ಏನು ಸಾಕ್ಷಿಯಿದೆ?

"ಸುಳ್ಳು ಬೇಡ ಕಣೋ. ಇಡೀ ಚಳಿಗಾಲ ಅವಳ ಮಾತೇ ತಡ್ಕೊಂಡಿದೀನಿ, ಇದನ್ನೂ ತಡ್ಕೋತೀನಿ."

"ಗೊತ್ತಿಲ್ಲ ಆರ್ಲೀನ್" ಎಂದೆ. "ಆರಾಮಾಗಿ ತಲುಪ್ತಿದ್ವೋ ಏನೋ."

ಅದುವರೆಗೆ ಅಳದಿದ್ದವಳು ಆಗ ಅತ್ತಳು.