ಕಾಯದೆ ಹೋದ ಒಂದು ನಿಮಿಷ

ಕುವೈತಿನ ಫಹಾಹೀಲ್‌ನ ಆಸ್ಪತ್ರೆಯೊಂದರಲ್ಲಿ ನಾನು ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದಾಗ ಮಕ್ಕಳಿಗೆ ಅರಿವಳಿಕೆ ಕೊಡುತ್ತಿದ್ದವರು ಮಂಗಳೂರು ಕಡೆಯ ಒಬ್ಬ ಡಾಕ್ಟರು. ಹಾಲಿನ ಬಣ್ಣದ ಆ ನಿದ್ದೆಯ ಔಷಧ ನರಕ್ಕಿಳಿಯುವಾಗ ಸುಟ್ಟಂತೆ ಉರಿಯುತ್ತದೆ. ಅದಕ್ಕೇ ಅವರು ಮೊದಲು ಮಗುವಿನ ಕೈಗೆ ರಬ್ಬರ್ ಪಟ್ಟಿ ಕಟ್ಟಿ, ನರ ಮರಗಟ್ಟಿಸುವ ಮದ್ದು ಕೊಟ್ಟು, ಪುಟ್ಟ ಬೆರಳುಗಳನ್ನು ಹಿಡಿದುಕೊಂಡು ಕಾಯುತ್ತಿದ್ದರು. ಯಾರಾದರೂ ಗಡಿಯಾರ ನೋಡಿದರೆ, “ಒಂದು ನಿಮಿಷ ಮಾರಾಯ್ರೆ, ಮಗು ಅಲ್ವಾ?” ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಎಡ ಮೊಣಕೈ ಮುರಿದುಕೊಂಡ ಉಡುಪಿ ಕಡೆಯವರ ಹುಡುಗಿಯೊಬ್ಬಳು ಬಂದಳು. “ನೋವಾಗುದಿಲ್ಲ ಪುಟ್ಟಿ,” ಎಂದು ಮಾತು ಕೊಟ್ಟು ಡಾಕ್ಟರು ಅವಳ ಬಲಗೈಗೆ ಪಟ್ಟಿ ಕಟ್ಟಿ ಮದ್ದು ಕೊಟ್ಟರು. ಸರ್ಜನ್ ಬಾಗಿಲಲ್ಲೇ ನಿಂತು, “ಯಲ್ಲಾ, ಯಲ್ಲಾ!” ಎಂದು ಅವಸರಪಡಿಸಿದರು. ಅಂದು ಡಾಕ್ಟರು ಕಾಯಲಿಲ್ಲ. ಮದ್ದು ಹಿಡಿಯುವ ಮೊದಲೇ ಪಟ್ಟಿ ಬಿಚ್ಚಿ ನಿದ್ದೆಯ ಔಷಧ ಕೊಟ್ಟರು.

“ಅಂಕಲ್, ಇಟ್ಸ್ ಬರ್ನಿಂಗ್!” ಎಂದು ಚೀರಿ, ಕೈ ಕೊಸರಿಕೊಳ್ಳುತ್ತಲೇ ಅವಳು ನಿದ್ದೆಗೆ ಜಾರಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ಊಟಕ್ಕೂ ಹೋಗದೆ ಅವಳ ಹಾಸಿಗೆಯ ಪಕ್ಕ ಕೂತರು. ಅವಳು ಕಣ್ಣು ಬಿಟ್ಟಾಗ, “ಸಾರಿ ಪುಟ್ಟಿ, ಕೈ ಉರೀತಲ್ವಾ?” ಎಂದರು.

ತಾಯಿ ನಕ್ಕು, “ಅಯ್ಯೋ ಡಾಕ್ಟ್ರೇ, ಅವಳಿಗೆಲ್ಲಿ ನೆನಪಿರ್ತದೆ! ಅಂಕಲ್‌ಗೆ ಕೈ ಕೊಡು ಮಗಾ,” ಎಂದರು.

ಹುಡುಗಿ ಅವರ ಮುಖವನ್ನೇ ನೋಡುತ್ತಾ ಬಲಗೈಯನ್ನು ಮೆಲ್ಲಗೆ ಹೊದಿಕೆಯೊಳಗೆ ಎಳೆದುಕೊಂಡಳು.