ಇಬ್ಬರು ಡಾಕ್ಟರಿಗೂ ಬೇಜಾರಾಗಬಾರದು

ಫೆಬ್ರವರಿ 22, ಶನಿವಾರ, ಮಧ್ಯಾಹ್ನ 12.40. ಡಲ್ಲಾಸ್ ಪಕ್ಕದ ಫ್ಲವರ್ ಮೌಂಡ್‌ನ ಮನೆಯಲ್ಲಿ ಕಮಲಾ ಆಂಟಿ ಊಟದ ಮೇಜಿಗೆ ರೊಟ್ಟಿ ತಂದಿಟ್ಟು ತಿರುಗಿದವರು ಗಕ್ಕನೆ ನಿಂತು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡರು.

"ಏನಿಲ್ಲ, ತಲಿ ಸ್ವಲ್ಪ ಗಿರ್ ಅಂತು. ನೀವು ಉಣ್ರಿ."

12.41ಕ್ಕೆ ಮೊದಲ ಪ್ರಿಸ್ಕ್ರಿಪ್ಷನ್ ಬಂತು.

ನಾನು ಎಲ್ಲವನ್ನೂ ಡೈರಿಗೆ ಇಳಿಸುವವಳು ಎಂಬುದು ನಿಮಗೆ ಗೊತ್ತೇ ಇದೆ. (ರಿಚರ್ಡ್‌ಸನ್‌ನಲ್ಲಿ ನನ್ನ ರೈಲು ಎಷ್ಟು ಸಲ ತಡವಾಯಿತು ಎಂಬ ಪಟ್ಟಿ ಓದಿ ಸುಸ್ತಾದವರು ಕ್ಷಮಿಸಿ.) ಮೇಜಿನ ಸುತ್ತ ಇದ್ದವರು ಐದು ಜನ. ಹುಬ್ಬಳ್ಳಿಯಿಂದ ಮಗನ ಮನೆಗೆ ಬಂದಿರುವ ಕಮಲಾ ಆಂಟಿ, ಆ ಮಗ ಗಿರೀಶ, ಪಕ್ಕದ ಮನೆಯ ಮೋಹನ್ ಅಂಕಲ್, ನನ್ನ ರೂಮ್‌ಮೇಟ್ ವಿದ್ಯಾ ಮತ್ತು ನಾನು. ಹನ್ನೊಂದು ನಿಮಿಷದಲ್ಲಿ ಹೊರಬಿದ್ದ ಔಷಧಿಗಳು ಏಳು.

ಮೋಹನ್ ಅಂಕಲ್ ಮೂರು: ಗ್ಯಾಸ್‌ಗೆ ಒಂದು, ವಿಟಮಿನ್ ಒಂದು, ಇನ್ನೊಂದು ಅವರ ಕಾರಿನಲ್ಲೇ ಇದೆಯಂತೆ. ಅವರು ವೃತ್ತಿಯಿಂದ ಸಾಫ್ಟ್‌ವೇರ್ ಆರ್ಕಿಟೆಕ್ಟ್. ಗಿರೀಶ ಒಂದು. ನಾನೂ ಒಂದು (ಕಬ್ಬಿಣದ ಮಾತ್ರೆ, ಯಾಕೆ ಹೇಳಿದೆನೋ ಗೊತ್ತಿಲ್ಲ). ಉಳಿದೆರಡು ಸ್ವತಃ ಆಂಟಿಯವು. ತಲೆ ತಿರುಗುತ್ತಿರುವಾಗಲೇ ಅಂಕಲ್‌ನ ಮಂಡಿಗೊಂದು, ನನ್ನ ಅಲರ್ಜಿಗೊಂದು ಗುಳಿಗೆ ಹೇಳಿ ಮುಗಿಸಿದರು.

ವಿದ್ಯಾ: ಸೊನ್ನೆ.

ತಮಾಷೆ ಏನು ಗೊತ್ತೇ? ಆ ಮೇಜಿನಲ್ಲಿ ಔಷಧಿ ಬರೆಯುವುದನ್ನು ಕಲಿಯುತ್ತಿದ್ದವಳು ಅವಳೊಬ್ಬಳೇ. ಆರು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಈಗ ನರ್ಸ್ ಪ್ರಾಕ್ಟೀಷನರ್ ಆಗಲು ಓದುತ್ತಿದ್ದಾಳೆ. ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯಬಲ್ಲ ನರ್ಸ್. ಅದಕ್ಕೆ ನೂರಾರು ಗಂಟೆ ಕ್ಲಿನಿಕ್‌ನಲ್ಲಿ ಇನ್ನೊಬ್ಬರ ಕಣ್ಣೆದುರು ಕೆಲಸ ಮಾಡಬೇಕು. ಅವಳ ಗಂಟೆಗಳ ಪಟ್ಟಿ ನಮ್ಮ ಫ್ರಿಜ್ ಮೇಲಿದೆ, ಅಂದಿಗೆ 212. ಎಲ್ಲ ಮುಗಿಸಿ ಪಾಸಾದ ಮೇಲೂ ಟೆಕ್ಸಸ್‌ನಲ್ಲಿ ಒಬ್ಬ ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಇಲ್ಲದೆ ಒಂದು ಮಾತ್ರೆಯನ್ನೂ ಬರೆಯುವಂತಿಲ್ಲ.

ಮೋಹನ್ ಅಂಕಲ್‌ಗೆ ಯಾವ ಒಪ್ಪಂದವೂ ಬೇಕಿಲ್ಲ.

ವಿದ್ಯಾ ಕೈ ತೊಳೆದು ಬಂದು ಆಂಟಿಯನ್ನು ಕುರ್ಚಿಯಲ್ಲಿ ಕೂರಿಸಿದಳು. ಗಿರೀಶನ ಬಿಪಿ ಮಷೀನ್ ತರಿಸಿ ಕೂತಾಗ ಒಮ್ಮೆ, ನಿಂತಾಗ ಒಮ್ಮೆ ನೋಡಿದಳು. ನಿಂತಾಗ ಬಿಪಿ ತೀರಾ ಇಳಿದಿತ್ತು.

"ಆಂಟಿ, ಡಾಕ್ಟರ್ ಏನೇನು ಮಾತ್ರೆ ಕೊಟ್ಟಿದ್ದಾರೆ?"

"ಬಿಪಿದು ಒಂದs."

"ನೀವೇ ಅಂಗಡಿಯಿಂದ ತಗೊಂಡಿರೋದು?"

"ಏನೂ ಇಲ್ಲವಾ."

"ಊರಿಂದ ಸೂಟ್‌ಕೇಸಲ್ಲಿ ತಂದಿರೋದು?"

ಆಂಟಿ ಮಗನ ಮುಖ ನೋಡಿದರು. "ಅದೂ ಹೇಳಬೇಕೇನು?"

ಬಿಸ್ಕತ್ತಿನ ಡಬ್ಬ ಬಂತು. ಒಳಗೆ ಬಿಸ್ಕತ್ತು ಬಿಟ್ಟು ಎಲ್ಲ ಇತ್ತು. ವಿದ್ಯಾ ಹುಬ್ಬಳ್ಳಿಯ ಒಂದು ಮಾತ್ರೆ ಪಟ್ಟಿ ಎತ್ತಿ, ಹಿಂದಿನ ಸಣ್ಣ ಅಕ್ಷರ ಓದಿದಳು. ಆಮೇಲೆ ಇಲ್ಲಿನ ಫಾರ್ಮಸಿಯ ಬಾಟಲಿ ತರಿಸಿ ಅದರ ಲೇಬಲ್ ಓದಿದಳು.

"ಆಂಟಿ, ಎರಡೂ ಒಂದೇ ಮಾತ್ರೆ."

"ಹೆಂಗ ಒಂದs? ಇದು ಗುಲಾಬಿ, ಅದು ಬಿಳಿ!"

"ಕಂಪನಿ ಇಟ್ಟ ಹೆಸರು ಬೇರೆ, ಬಣ್ಣ ಬೇರೆ. ಒಳಗಿರೋ ಔಷಧಿ ಒಂದೇ. ಎರಡನ್ನೂ ತಗೋತಿದ್ದೀರಾ?"

"ಊರಿಂದ ಬಂದಾಗಿಂದ ಮುಂಜಾನೆ ಇದು, ಸಂಜಿಗೆ ಅದು. ಹುಬ್ಬಳ್ಳಿ ಡಾಕ್ಟರು ಹತ್ತ ವರ್ಷದಿಂದ ನೋಡ್ಯಾರ. ಇಲ್ಲಿಯಾಕಿ ಕೈ ಹಿಡಕೊಂಡು ಎಷ್ಟ ಚಂದ ಮಾತಾಡ್ತಾಳ. ಯಾರದು ಬಿಡಲಿ? ಇಬ್ಬರಿಗೂ ಬ್ಯಾಸರಾಗಬಾರದು."

ಆರು ವಾರದಿಂದ ಎರಡು ಪಟ್ಟು ಬಿಪಿ ಮಾತ್ರೆ, ಬರೀ ಸೌಜನ್ಯಕ್ಕಾಗಿ!

ನಗಬೇಕೆನ್ನುವಷ್ಟರಲ್ಲಿ ಆಂಟಿಯೇ ಬಾಯಿಬಿಟ್ಟರು. ಮೊನ್ನೆ ಬಾತ್‌ರೂಮಿನಲ್ಲಿ ಗೋಡೆ ಸಿಕ್ಕಿದ್ದಕ್ಕೆ ಬೀಳಲಿಲ್ಲವಂತೆ.

"ಅವ್ವಾ, ನನಗ್ಯಾಕ ಹೇಳಲಿಲ್ಲ?" ಗಿರೀಶ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತ.

"ಹೇಳಿದ್ರ ನನ್ನ ವಾಕಿಂಗ್ ಬಂದ್ ಮಾಡಿಸ್ತಿದ್ದಿ. ಈ ಊರಾಗ ನಾ ಒಬ್ಬಾಕೀನs ಹೋಗೋದು ಅದೊಂದs."

ಆಮೇಲೆ ಆಂಟಿ ವಿದ್ಯಾಳ ಕಡೆ ತಿರುಗಿದರು. "ನೀನs ಹೇಳು, ಯಾವುದು ಬಿಡಲಿ?"

"ಅದನ್ನ ನಾನು ಹೇಳೋ ಹಾಗಿಲ್ಲ ಆಂಟಿ. ಕ್ಲಿನಿಕ್‌ಗೆ ಫೋನ್ ಮಾಡೋಣ."

"ಅಯ್ಯೋ, ಇಷ್ಟು ಓದಿ ಇಷ್ಟೂ ಹೇಳೋಕಾಗಲ್ವೇನಮ್ಮ?" ಎಂದರು ಮೋಹನ್ ಅಂಕಲ್. "ನಾನಾಗಿದ್ರೆ ಆಗಲೇ ಹೇಳಿಬಿಡ್ತಿದ್ದೆ."

"ನೀವು ಹೇಳಬಹುದು ಅಂಕಲ್. ನೀವು ಓದಿಲ್ಲವಲ್ಲ."

(ಇದನ್ನು ಡೈರಿಯಲ್ಲಿ ಎರಡು ಸಲ ಅಡಿಗೆರೆ ಹಾಕಿ ಬರೆದಿದ್ದೇನೆ.)

ಫೋನ್ ಹಿಡಿದು ಕಾದಿದ್ದು 27 ನಿಮಿಷ. ರಜೆಯಲ್ಲೂ ಫೋನಿಗೆ ಸಿಗುವ ಕ್ಲಿನಿಕ್‌ನ ಆನ್-ಕಾಲ್ ಡಾಕ್ಟರರ ಉತ್ತರ: ಹುಬ್ಬಳ್ಳಿಯದನ್ನು ಇವತ್ತಿನಿಂದಲೇ ನಿಲ್ಲಿಸಿ, ಇಂದು ಸಂಜೆ ಇಲ್ಲಿನ ಮಾತ್ರೆಯೂ ಬೇಡ, ನಾಳೆಯಿಂದ ಅದೊಂದೇ, ತಲೆ ಸುತ್ತು ಹೆಚ್ಚಾದರೆ ಎಮರ್ಜೆನ್ಸಿಗೆ ಹೋಗಿ, ಇಲ್ಲದಿದ್ದರೆ ಸೋಮವಾರ ಬನ್ನಿ.

ಅಷ್ಟರಲ್ಲಿ ವಿದ್ಯಾ ಬಾಟಲಿಯ ಲೇಬಲ್‌ನಲ್ಲಿ ಇನ್ನೊಂದು ಸಂಗತಿ ಕಂಡುಹಿಡಿದಿದ್ದಳು. ಕೈ ಹಿಡಿದು ಚಂದ ಮಾತಾಡುವ "ಇಲ್ಲಿಯಾಕಿ" ಡಾಕ್ಟರೇ ಅಲ್ಲ, ನರ್ಸ್ ಪ್ರಾಕ್ಟೀಷನರ್.

"ನರ್ಸಾ? ಮತ್ತ ಅರ್ಧಾ ತಾಸು ಕುಂಡ್ರಿಸಿ ಎಲ್ಲಾ ಕೇಳಿದ್ಲು!"

"ಬೇರೆ ಮಾತ್ರೆ ತಗೋತೀರಾ ಅಂತಲೂ ಕೇಳಿರ್ತಾರಲ್ಲ?"

"ಕೇಳಿದ್ಲು. ಇಲ್ಲ ಅಂದೆ. ಬ್ಯಾರೆ ಡಾಕ್ಟರ ಗುಳಿಗಿ ತಗೋತೀನಿ ಅಂತ ಅಕಿ ಮುಖದ ಮ್ಯಾಲೆ ಹೆಂಗ ಹೇಳಲಿ?"

ವಾಪಸ್ ಬರುವಾಗ ವಿದ್ಯಾ ಡ್ರೈವ್ ಮಾಡುತ್ತಿದ್ದಳು. ಆಂಟಿ ಮನೆಯ ಪರೀಕ್ಷೆಯಲ್ಲಿ ಪಾಸಾದೆ ಅಂತ ಖುಷಿಯೇ ಎಂದು ಕೇಳಿದೆ. "ಆ ಕ್ಲಿನಿಕ್‌ನವಳೂ ನಾನು ಓದುತ್ತಿರೋದನ್ನೇ ಓದಿದಾಳೆ ಕಣೆ. ಸರಿಯಾಗಿಯೇ ಕೇಳಿದಾಳೆ. ಆದರೂ ತಪ್ಪಿಹೋಯ್ತು," ಎಂದಳು. ಸೂಟ್‌ಕೇಸ್ ಎಂಬ ಪದ ಅವಳ ಯಾವ ಪಠ್ಯಪುಸ್ತಕದಲ್ಲೂ ಇಲ್ಲವಂತೆ. ಅಲ್ಲಾ, ನಮ್ಮವರ ದಾಕ್ಷಿಣ್ಯಕ್ಕೆ ಎಷ್ಟು ಗಂಟೆ ಟ್ರೇನಿಂಗ್ ಬೇಕು?

ಸೋಮವಾರ ಆಂಟಿ ಡಬ್ಬದ ಸಮೇತ ಕ್ಲಿನಿಕ್‌ಗೆ ಹೋಗಿ ಬಂದರು. ಒಂದೇ ವಾರದಲ್ಲಿ ತಲೆ ಸುತ್ತು ನಿಂತಿತು. ವಾಕಿಂಗ್ ಉಳಿಯಿತು.

ಮಾರ್ಚ್ 2, ಭಾನುವಾರ, ಬೆಳಿಗ್ಗೆ 9.15ಕ್ಕೆ ಅವರ ಫೋನ್. "ಆ ಗುಲಾಬಿ ಗುಳಿಗಿ ಇನ್ನೂ ಎಂಟ ಪಟ್ಟಿ ಉಳದಾವು. ನಿಮ್ಮ ಆಫೀಸಿನಾಗ ಯಾರಿಗರ ಬಿಪಿ ಐತೇನು?"

ಬೇಡವಾದ ಮಾತ್ರೆ ಹಾಕಲು ಎಷ್ಟೋ ಫಾರ್ಮಸಿಗಳಲ್ಲಿ ಪೆಟ್ಟಿಗೆ ಇಟ್ಟಿರುತ್ತಾರೆ ಎಂದೆ. "ಚಲೋ ಗುಳಿಗಿ ಒಗೀತಾರೇನು?" ಎಂದು ಬೈಸಿಕೊಂಡೆ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ನ ಓದುಗರೇ, ಆಂಟಿಯ ಕೈಯಿಂದ ಆ ಪೆಟ್ಟಿಗೆಯವರೆಗೆ ಎಂಟು ಪಟ್ಟಿ ಸಾಗಿಸುವ ಉಪಾಯ ಬಲ್ಲವರಿದ್ದರೆ ದಯವಿಟ್ಟು ಬರೆದು ತಿಳಿಸಿ. ಸ್ವಲ್ಪ ಬೇಗ; ಮೋಹನ್ ಅಂಕಲ್ ಎರಡು ಪಟ್ಟಿ ತಮಗಿರಲಿ ಅಂದಿದ್ದಾರಂತೆ!